ಮಳೆಗಾಲಕ್ಕೊಂದು ಬಿಸಿಲಿನ ಪೆಟ್ಟಿಗೆ

ಮಲೆನಾಡಿನಲ್ಲಿ ಕರೆಂಟ್ ಹೋಗುವ ಕಾಲವೂ ಬಿಸಿಲು ಹೋಗುವ ಕಾಲವೂ ಒಂದೇ. ಜೂನ್‌ನಲ್ಲಿ ಗಾಳಿಮಳೆ ಹಿಡಿಯಿತೆಂದರೆ ಕಾಡಿನ ನಡುವೆ ಎಲ್ಲೋ ಲೈನಿನ ಮೇಲೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ. ಲೈನ್‌ಮನ್‌ಗಳು ಕೆಸರು ತುಳಿದು ಅಲ್ಲಿಗೆ ತಲುಪಿ ಸರಿಮಾಡುವ ಹೊತ್ತಿಗೆ ಒಂದು ದಿನವೋ ಮೂರು ದಿನವೋ ಕಳೆದಿರುತ್ತದೆ. ಅಷ್ಟೂ ದಿನ ಆಕಾಶ ಮುಚ್ಚಿಕೊಂಡೇ ಇರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಜುಲೈನಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಸೋಲಾರ್ ಪವರ್ ಸ್ಟೇಷನ್ ಎಂಬ ಹೆಸರಿನಲ್ಲಿ ಈಗ ಅಂಗಡಿಗೆ ಬಂದಿರುವ ಹಿಡಿಕೆಯ ಪೆಟ್ಟಿಗೆಯನ್ನು ಕೊಳ್ಳಬೇಕೆಂದಿರುವ ಮಲೆನಾಡಿಗರು ಜಾಹೀರಾತಿನ ಬಿಸಿಲಲ್ಲಿ ಕೂತು ಲೆಕ್ಕ ಹಾಕಬಾರದು, ಜುಲೈ ತಿಂಗಳಲ್ಲಿ ಕೂತು ಹಾಕಬೇಕು.

ಪೆಟ್ಟಿಗೆಯೊಳಗೆ ಇರುವುದು ನಮ್ಮ ಮನೆಯ ಯುಪಿಎಸ್‌ನಲ್ಲಿ ಇರುವಂಥದ್ದೇ. ಒಂದು ಬ್ಯಾಟರಿ, ಅದರ ಡಿಸಿ ವಿದ್ಯುತ್ತನ್ನು 230 ವೋಲ್ಟಿನ ಎಸಿ ಮಾಡುವ ಇನ್ವರ್ಟರ್. ಇವುಗಳ ಜೊತೆಗೆ ಸೌರಫಲಕದಿಂದ ಆ ಕ್ಷಣಕ್ಕೆ ಸಿಗಬಹುದಾದ ಗರಿಷ್ಠ ಶಕ್ತಿಯನ್ನು ಹುಡುಕಿ ಎಳೆದುಕೊಳ್ಳುವ ಎಂಪಿಪಿಟಿ ಎಂಬ ನಿಯಂತ್ರಕ, ಬ್ಯಾಟರಿಯ ಒಂದೊಂದು ಕೋಶದ ಮೇಲೂ ಕಣ್ಣಿಡುವ ಬಿಎಂಎಸ್. ಮುಖ್ಯವಾಗಿ ಬದಲಾಗಿರುವುದು ಬ್ಯಾಟರಿಯ ರಸಾಯನಶಾಸ್ತ್ರ. ಯುಪಿಎಸ್ ಜೊತೆ ಬರುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಟ್ಯೂಬ್ಯುಲರ್ ಬ್ಯಾಟರಿ 50 ಕಿಲೋಗೂ ಹೆಚ್ಚು ತೂಗುತ್ತದೆ. ಅದರ ಮೇಲೆ ಬರೆದಿರುವ ಸಾಮರ್ಥ್ಯ 1,800 ವ್ಯಾಟ್-ಗಂಟೆ. ಆದರೆ ಪ್ರತಿ ಸಲವೂ ಪೂರ್ತಿ ಬರಿದು ಮಾಡಿದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಅರ್ಧದಷ್ಟನ್ನು ಮಾತ್ರ ಬಳಸಿದರೆ ಬಾಳಿಕೆ ಬರುತ್ತದೆ. ಅಂದರೆ ನಿಜಕ್ಕೂ ಕೈಗೆ ಸಿಗುವುದು 900ರ ಆಸುಪಾಸು. ಹನ್ನೆರಡು-ಹದಿಮೂರು ಕಿಲೋ ತೂಕದ ಲಿಥಿಯಂ ಪೆಟ್ಟಿಗೆ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವಿಲ್ಲ, ಆಸಿಡ್ ವಾಸನೆಯಿಲ್ಲ.

ಈ ಬ್ಯಾಟರಿಯ ಹಿಂದೊಂದು ಕಥೆಯಿದೆ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ವಸ್ತುವನ್ನು ಮರಳಿ ಮರಳಿ ಚಾರ್ಜ್ ಮಾಡಬಲ್ಲ ಬ್ಯಾಟರಿಯಲ್ಲಿ ಬಳಸಬಹುದೆಂದು ತೋರಿಸಿದ ಪ್ರಬಂಧ 1997ರಲ್ಲಿ ಪ್ರಕಟವಾಯಿತು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ನಡೆದ ಆ ಕೆಲಸಕ್ಕೆ ಮೂವರ ಹೆಸರಿದೆ: ಎ. ಕೆ. ಪಾಢಿ, ಕೆ. ಎಸ್. ನಂಜುಂಡಸ್ವಾಮಿ, ಜಾನ್ ಗುಡಿನಫ್. ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ ಗುಡಿನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ಇನ್ನಿಬ್ಬರ ಜೊತೆ ನೊಬೆಲ್ ಬಂತು. ಮೊಬೈಲಿನ ಲಿಥಿಯಂ ಬ್ಯಾಟರಿಯಲ್ಲಿ ಕೋಬಾಲ್ಟ್ ಇರುತ್ತದೆ. ಇದರಲ್ಲಿ ಕಬ್ಬಿಣ ಮತ್ತು ರಂಜಕ. ರಂಜಕ ಮತ್ತು ಆಮ್ಲಜನಕದ ಬಂಧ ಬಹಳ ಗಟ್ಟಿ. ಕೋಶ ಕಾದರೂ ಆಮ್ಲಜನಕ ಸುಲಭವಾಗಿ ಬಿಡುಗಡೆಯಾಗುವುದಿಲ್ಲ, ಬೆಂಕಿಗೆ ಒಳಗಿನಿಂದಲೇ ಉಸಿರು ಸಿಗುವುದಿಲ್ಲ. ಮನೆಯೊಳಗೆ, ಮಕ್ಕಳು ಮಲಗುವ ಕೋಣೆಯ ಪಕ್ಕ ಇಡುವ ವಸ್ತುವಿಗೆ ಈ ಗುಣ ಬಹಳ ದೊಡ್ಡದು. ಎರಡು-ಮೂರು ಸಾವಿರ ಸಲ ಚಾರ್ಜ್ ಮಾಡಿದ ಮೇಲೂ ಮೊದಲಿನ ಸಾಮರ್ಥ್ಯದ ಹೆಚ್ಚಿನ ಪಾಲು ಉಳಿದಿರುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಒಳಗಿರುವುದು ಐರನ್ ಫಾಸ್ಫೇಟೋ, ಬೇರೆಯದೋ?

ಎರಡನೆಯ ಪ್ರಶ್ನೆಯಲ್ಲಿ ಬಹಳ ಜನ ಎಡವುತ್ತಾರೆ. ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿರುತ್ತವೆ, ಒಂದು ವ್ಯಾಟ್, ಇನ್ನೊಂದು ವ್ಯಾಟ್-ಗಂಟೆ. ನಲ್ಲಿ ಎಷ್ಟು ದಪ್ಪಗೆ ನೀರು ಬಿಡಬಲ್ಲದು ಎಂಬುದು ವ್ಯಾಟ್, ಟ್ಯಾಂಕಿನಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದು ವ್ಯಾಟ್-ಗಂಟೆ. ಸಾವಿರ ವ್ಯಾಟ್-ಗಂಟೆಯೆಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಮಾರುವವರು ಮೊದಲನೆಯ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ರಾತ್ರಿ ಕಳೆಯುವುದು ಎರಡನೆಯದರ ಮೇಲೆ. 750 ವ್ಯಾಟಿನ ಮಿಕ್ಸಿಯನ್ನು ಐದು ನಿಮಿಷ ತಿರುಗಿಸಿದರೆ ಖರ್ಚಾಗುವುದು ಸುಮಾರು 63 ವ್ಯಾಟ್-ಗಂಟೆ ಮಾತ್ರ. 75 ವ್ಯಾಟಿನ ಹಳೆಯ ಫ್ಯಾನು ಎಂಟು ಗಂಟೆಯಲ್ಲಿ 600 ತಿನ್ನುತ್ತದೆ. ಸದ್ದು ಮಾಡುವ ಮಿಕ್ಸಿಗಿಂತ ಸುಮ್ಮನೆ ತಿರುಗುವ ಫ್ಯಾನೇ ಪೆಟ್ಟಿಗೆಗೆ ಭಾರ.

ಒಂದು ಯೂನಿಟ್ಟಿನ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಪರಿವರ್ತನೆಯ ನಷ್ಟ ಕಳೆದು ಕೈಗೆ ಸಿಗುವುದು 850 ಎಂದಿಟ್ಟುಕೊಳ್ಳಿ. ಒಂಬತ್ತು ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 180. ಇಂಟರ್‌ನೆಟ್ ರೌಟರ್ ಹನ್ನೆರಡು ಗಂಟೆಗೆ 120. ಮೂರು ಮೊಬೈಲಿಗೆ 45. ಒಟ್ಟು 345. ಮಳೆಗಾಲದ ಮಲೆನಾಡಿನಲ್ಲಿ ಫ್ಯಾನು ಬೇಡ. ಎರಡು ರಾತ್ರಿ ಧಾರಾಳವಾಗಿ ಆಗಿ ಮಿಕ್ಕುತ್ತದೆ. ಕರಾವಳಿಯವರಿಗೆ ಫ್ಯಾನಿಲ್ಲದೆ ನಿದ್ದೆಯಿಲ್ಲ. ಕಡಿಮೆ ವಿದ್ಯುತ್ ತಿನ್ನುವ, 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನು ಎಂಟು ಗಂಟೆಗೆ 480 ಬೇಡುತ್ತವೆ. ಆ 345ರ ಜೊತೆ ಸೇರಿದರೆ ಒಂದೇ ರಾತ್ರಿಗೆ ಪೆಟ್ಟಿಗೆ ಖಾಲಿ. ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಹಳೆಯ ಫ್ಯಾನು ಬದಲಿಸುವುದು ಅಗ್ಗದ ದಾರಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಈ ಲೆಕ್ಕದಲ್ಲಿ ಒಂದು ಸೋರಿಕೆ ಸೇರಿಲ್ಲ. ಇನ್ವರ್ಟರ್ ಚಾಲೂ ಇದ್ದರೆ ಏನನ್ನೂ ಸಿಕ್ಕಿಸದಿದ್ದರೂ ಹತ್ತು-ಹದಿನೈದು ವ್ಯಾಟ್ ತಿನ್ನುತ್ತಲೇ ಇರುತ್ತದೆ. ಹದಿನೈದೆಂದರೆ ಹನ್ನೆರಡು ಗಂಟೆಗೆ ಅದು 180 ವ್ಯಾಟ್-ಗಂಟೆ. ನಾಲ್ಕು ಬಲ್ಬು ಉರಿಸಿದಷ್ಟೇ! ರೌಟರ್ ನೋಡಿ: ಅದಕ್ಕೆ ಬೇಕಿರುವುದು 12 ವೋಲ್ಟಿನ ಡಿಸಿ. ನಾವು ಬ್ಯಾಟರಿಯ ಡಿಸಿಯನ್ನು 230 ವೋಲ್ಟಿನ ಎಸಿ ಮಾಡಿ, ಅಡಾಪ್ಟರಿನಲ್ಲಿ ಮತ್ತೆ 12 ವೋಲ್ಟಿನ ಡಿಸಿಗೆ ಇಳಿಸುತ್ತೇವೆ. ಪೆಟ್ಟಿಗೆಯಲ್ಲೇ 12 ವೋಲ್ಟಿನ ಕಿಂಡಿ ಇರುತ್ತದೆ, ಮೊಬೈಲಿಗೆ ಯುಎಸ್‌ಬಿ ಇರುತ್ತದೆ. ಮಲಗುವ ಮುನ್ನ ಎಸಿ ಗುಂಡಿ ಆರಿಸಿ ರೌಟರನ್ನೂ ಒಂದು ಡಿಸಿ ದೀಪವನ್ನೂ ಆ ಕಿಂಡಿಗಳಿಂದ ನಡೆಸಿದರೆ ಅದೇ ಪೆಟ್ಟಿಗೆ ಇನ್ನೊಂದು ರಾತ್ರಿ ಕಾಯುತ್ತದೆ.

ಬಿಸಿನೀರಿನ ಆಸೆಯನ್ನು ಮಾತ್ರ ಬಿಡಬೇಕು. 15 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು 350 ವ್ಯಾಟ್-ಗಂಟೆ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯೂ ಇದನ್ನು ಕಡಿಮೆ ಮಾಡಲಾರದು. ತುಂಬಿದ ಪೆಟ್ಟಿಗೆ ಎರಡೂವರೆ ಬಕೆಟ್ಟಿಗೇ ಮುಗಿಯುತ್ತದೆ. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ, ಒಲೆಗೆ ಗೋಬರ್ ಗ್ಯಾಸ್ ಇರುವ ಮನೆ ಈ ವಿಷಯದಲ್ಲಿ ಪೇಟೆಯ ಮನೆಗಿಂತ ಎಷ್ಟೋ ಮುಂದಿದೆ. ಬಾವಿಯ ಪಂಪೂ ಈ ಪೆಟ್ಟಿಗೆಯ ಕೆಲಸವಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಮೋಟರು ಶುರುವಾಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ, ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟಿರುವ ಮನೆಯವರು ಕಂಗೆಡಬೇಕಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಆಗಾಗ ಒಂದಿಷ್ಟು ಹೊತ್ತು ಪೆಟ್ಟಿಗೆಯಿಂದ ಓಡಿಸಿ ನಿಲ್ಲಿಸಿದರೆ ಔಷಧಿ ಉಳಿಯುತ್ತದೆ.

ಇನ್ನು ಬಿಸಿಲು. 200 ವ್ಯಾಟಿನ ಫಲಕ ಎಂದರೆ ಪ್ರತಿ ಚದರ ಮೀಟರಿಗೆ 1,000 ವ್ಯಾಟ್ ಬಿಸಿಲು, ಕೋಶದ ಉಷ್ಣತೆ 25 ಡಿಗ್ರಿ ಇರುವಾಗ 200 ವ್ಯಾಟ್ ಕೊಡುವ ಫಲಕ ಎಂದರ್ಥ. ಫೆಬ್ರುವರಿಯ ನೀಲಿ ಆಕಾಶದಡಿ, ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೆ, ಕಾವು-ಧೂಳುಗಳ ನಷ್ಟ ಕಳೆದು 750 ವ್ಯಾಟ್-ಗಂಟೆ ಬರಬಹುದು. ಜುಲೈನ ದಟ್ಟ ಮೋಡದಡಿ ಅದೇ ಫಲಕ ಹತ್ತನೇ ಒಂದು ಪಾಲಿಗೂ ಇಳಿಯುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಖ್ಯ ಆಸರೆ ಬಿಸಿಲಲ್ಲ: ಕರೆಂಟ್ ಇದ್ದಾಗಲೇ ಗೋಡೆಯ ಪ್ಲಗ್ಗಿನಿಂದ ಪೆಟ್ಟಿಗೆ ತುಂಬಿಸಿಟ್ಟಿರಬೇಕು, ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಬೇಕು. ಅದರ ಮೇಲೆ ಬಿಸಿಲನ್ನೂ ನೆಚ್ಚಬೇಕೆಂದರೆ ಫಲಕ ಹೆಚ್ಚಿಸಬೇಕು. ಈಗ ಫಲಕಕ್ಕಿಂತ ಬ್ಯಾಟರಿಯೇ ದುಬಾರಿ. ನಾಲ್ಕು ಫಲಕವಿದ್ದರೆ ಮೋಡದ ದಿನದಲ್ಲೂ ದೀಪದ ಮಟ್ಟಿಗೆ ದಿನ ದೂಡಬಹುದು.

ಫಲಕ ಸೇರಿಸುವಾಗ ವೋಲ್ಟಿನ ಮಿತಿ ನೋಡಲೇಬೇಕು. ಚಿಕ್ಕ ಪೆಟ್ಟಿಗೆಗಳು ಬಹಳಷ್ಟು 60 ವೋಲ್ಟಿನ ಆಸುಪಾಸಿಗೇ ನಿಲ್ಲುತ್ತವೆ. ಚಾವಣಿಗೆ ಹಾಕುವ ದೊಡ್ಡ ಫಲಕವೊಂದೇ 50 ವೋಲ್ಟ್ ಮುಟ್ಟುತ್ತದೆ. ಎರಡನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ 100 ವೋಲ್ಟ್, ನಿಯಂತ್ರಕ ಸುಟ್ಟುಹೋಗಬಹುದು. ಚಳಿಯ ಬೆಳಗಿನಲ್ಲಿ ಫಲಕದ ವೋಲ್ಟೇಜ್ ಇನ್ನೂ ಏರುತ್ತದೆ. ಸಮಾಂತರವಾಗಿ ಜೋಡಿಸಿದರೆ ವೋಲ್ಟೇಜ್ ಅಷ್ಟೇ ಉಳಿದು ಆಂಪಿಯರ್ ಹೆಚ್ಚುತ್ತದೆ. ನೆರಳಿನ ವಿಷಯದಲ್ಲಿ ತೋಟದ ಮನೆಯವರು ಇನ್ನೂ ಎಚ್ಚರವಾಗಿರಬೇಕು: ಕೋಶಗಳೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ ಒಂದು ಅಡಿಕೆ ಸೋಗೆಯ ನೆರಳು ಫಲಕದ ಮೂರನೇ ಒಂದು ಭಾಗವನ್ನೇ ನಿಲ್ಲಿಸಿಬಿಡಬಹುದು.

'ನಮ್ಮ ಚಾವಣಿಯ ಮೇಲೆ ಆಗಲೇ ಸೋಲಾರ್ ಇದೆ, ಪೆಟ್ಟಿಗೆ ಯಾಕೆ?' ಎಂದು ಕೇಳುವವರಿದ್ದಾರೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುತ್ತದೆ, ಬಹಳ ಮನೆಗಳು ಹಾಕಿಸಿಕೊಂಡಿವೆ. ಆದರೆ ಗ್ರಿಡ್ಡಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಾರಣ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಜೀವ. ಲೈನ್ ಸತ್ತಿದೆ ಎಂದು ಅವನು ಮುಟ್ಟಿದಾಗ ನಮ್ಮ ಚಾವಣಿಯಿಂದ ವಿದ್ಯುತ್ ಹರಿಯಬಾರದು.

ಇದೇ ಕಾರಣಕ್ಕೆ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಎರಡೂ ತುದಿಗೆ ಪ್ಲಗ್ ಇರುವ ವೈರು ಮಾಡಿಸಿ ಪೆಟ್ಟಿಗೆಯ ವಿದ್ಯುತ್ತನ್ನು ಗೋಡೆಯ ಸಾಕೆಟ್ಟಿಗೆ ಕೊಡುವ ಸಾಹಸ ಯಾರೂ ಮಾಡಬಾರದು. ಮೇನ್ ಸ್ವಿಚ್ ಆರಿಸಲು ಮರೆತರೆ ಆ 230 ವೋಲ್ಟ್ ಹೊರಗಿನ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹೋಗಿ 11,000 ವೋಲ್ಟ್ ಆಗಬಲ್ಲದು. ಮಳೆಯಲ್ಲಿ ನೆನೆಯುತ್ತ ನಮಗಾಗಿಯೇ ಕಂಬ ಹತ್ತಿದವನ ಕೈಯಲ್ಲಿ ಆ ತಂತಿ ಇರುತ್ತದೆ. ಮನೆಯ ವೈರಿಂಗಿಗೆ ಸೇರಿಸಲೇಬೇಕೆಂದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು.

ಅಮೆರಿಕದಿಂದ ಬರುವ ಮಗನಿಗೋ ಮಗಳಿಗೋ 'ಬರುವಾಗ ಒಂದು ತಗೊಂಡು ಬಾ' ಎಂದು ಹೇಳಿಯೂ ಪ್ರಯೋಜನವಿಲ್ಲ. 160 ವ್ಯಾಟ್-ಗಂಟೆಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ವಿಮಾನಕ್ಕೆ ಹತ್ತಿಸುವುದಿಲ್ಲ. ಹಡಗಿನಲ್ಲಿ ತರಿಸಿಕೊಂಡರೂ ಅಲ್ಲಿನ ಪೆಟ್ಟಿಗೆ ಕೊಡುವುದು 120 ವೋಲ್ಟ್, 60 ಹರ್ಟ್ಸ್; ನಮ್ಮ 230 ವೋಲ್ಟಿನ ಸಾಮಾನಿಗೆ ಅದು ಹೊಂದುವುದಿಲ್ಲ.

ಲೈನೇ ಬಾರದ ಒಂಟಿ ಮನೆಗೆ, ವರ್ಷವಿಡೀ ಇದನ್ನೇ ನಂಬಿ ಬದುಕುವವರಿಗೆ ಈ ಪೆಟ್ಟಿಗೆ ಸರಿಯೇ? ನನ್ನ ಉತ್ತರ, ಅಲ್ಲ. ಹರೀಶ್ ಹಂದೆ ಅವರು 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ನಮ್ಮ ಹಳ್ಳಿಗಳಿಗೆ ಸೌರದೀಪ ತಂದಾಗ ಫಲಕ, ಬ್ಯಾಟರಿ, ನಿಯಂತ್ರಕ ಎಲ್ಲವೂ ಬಿಡಿಬಿಡಿ ಭಾಗಗಳಾಗಿದ್ದವು. ಒಂದು ಕೆಟ್ಟರೆ ಹತ್ತಿರದ ಪೇಟೆಯ ಹುಡುಗ ಬಂದು ಅದೊಂದನ್ನೇ ಬದಲಿಸುತ್ತಿದ್ದ. ಮೊಹರಾದ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಫ್ಯೂಸ್ ಹೋದರೂ ಇಡೀ ಪೆಟ್ಟಿಗೆ ಊರು ಬಿಟ್ಟು ಹೋಗಬೇಕು, ಅದು ಮರಳುವವರೆಗೆ ಮನೆ ಕತ್ತಲೆ. ನೆಲೆಯೂರಿದ ಮನೆಗೆ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಬೇರೆ, ಇನ್ವರ್ಟರನ್ನು ಬೇರೆ, ನಿಯಂತ್ರಕವನ್ನು ಬೇರೆ ಕೊಂಡು ಕೂರಿಸುವುದೇ ಲೇಸು. ಪೆಟ್ಟಿಗೆಯ ಹಿರಿಮೆ ಇರುವುದು ಎತ್ತಿಕೊಂಡು ಹೋಗಬಹುದೆಂಬಲ್ಲಿ: ಆರೋಗ್ಯ ಶಿಬಿರ, ಜೇನು ಪೆಟ್ಟಿಗೆ ಇಟ್ಟ ತೋಟ, ಪ್ರವಾಹ ಬಂದಾಗ ಶಾಲೆಯಲ್ಲಿ ತೆರೆದ ಆಶ್ರಯ.

ಘಟ್ಟದ ಒಂಟಿ ಮನೆಗಳಿಗೆ ಮಳೆಗಾಲದ ನಿಜವಾದ ಜೊತೆ ಮನೆಯ ಹಿಂದಿನ ಹಳ್ಳ. ಸೆಕೆಂಡಿಗೆ ಐದು ಲೀಟರ್ ನೀರು 40 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದು ಬಂದರೆ ಅದರಲ್ಲಿರುವ ಶಕ್ತಿ ಸುಮಾರು 1,960 ವ್ಯಾಟ್. ಪುಟ್ಟ ಟರ್ಬೈನು ಅದರಲ್ಲಿ ಅರ್ಧವನ್ನು ಹಿಡಿದರೂ ಒಂದು ಕಿಲೋವ್ಯಾಟ್, ಹಗಲು ರಾತ್ರಿ ಸೇರಿ ದಿನಕ್ಕೆ ಸುಮಾರು 24 ಯೂನಿಟ್. ಪಶ್ಚಿಮಘಟ್ಟದ ಎಷ್ಟೋ ಮನೆಗಳಲ್ಲಿ ಇಂಥ ಕಿರು ಜಲವಿದ್ಯುತ್ ಘಟಕಗಳಿವೆ. ಮನೆಗೆ ಬೇಡವಾಗಿ ಮಿಕ್ಕ ವಿದ್ಯುತ್ತನ್ನು ಅಲ್ಲಿನ ನಿಯಂತ್ರಕ ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸಬಹುದು. ಪೆಟ್ಟಿಗೆಯಿಂದ ಆಗದ ಬಚ್ಚಲ ಬಿಸಿನೀರು ಇಲ್ಲಿ ಉಳಿಕೆಯಲ್ಲೇ ಸಿಗುತ್ತದೆ. ಬೇಸಿಗೆ ಹತ್ತಿರವಾದಂತೆ ಹಳ್ಳ ಸೊರಗುತ್ತದೆ. ಅಷ್ಟರಲ್ಲಿ ಆಕಾಶ ತಿಳಿಯಾಗಿ ಫಲಕಗಳಿಗೆ ಆ ಐದು ಗಂಟೆಯ ಬಿಸಿಲು ಸಿಗಲು ಶುರುವಾಗಿರುತ್ತದೆ.