ಗುರುನಾನಕರಿಗೆ ಎರಡು ಜಾತಕ

ಪಟಮಟದಲ್ಲಿ ನೆಲೆಸಿರುವ ನಮಗೆ ಕಾರ್ತಿಕ ಹುಣ್ಣಿಮೆ ಬಂದರೆ ಊರಿನ ನೆನಪು ಕಾಡುವುದು ಸ್ವಲ್ಪ ಕಡಿಮೆಯಾಗುತ್ತದೆ. ಬೆಳಗಿನ ಜಾವಕ್ಕೇ ಕೃಷ್ಣೆಯ ಘಟ್ಟಗಳಲ್ಲಿ ಸ್ನಾನ, ಸಂಜೆ ತೆಲುಗರ ಮನೆಗಳಲ್ಲಿ 365 ಬತ್ತಿಗಳ ದೀಪ. ಅದೇ ದಿನ ಗುರುನಾನಕ್ ಜಯಂತಿಯೂ ಹೌದು. ಪಕ್ಕದಲ್ಲೇ ಗುರುನಾನಕ್ ಕಾಲನಿ ಇರುವ ನಮಗೆ ಆ ಹೆಸರು ಬಸ್ಸು, ಆಟೋದವರ ಬಾಯಲ್ಲಿ ದಿನವೂ ಕೇಳುವಂಥದ್ದು. ಬೀದರಿನ ಕಡೆಯವರಿಗಂತೂ ನಾನಕರನ್ನು ಪರಿಚಯಿಸುವುದೇ ಬೇಡ. ಅಲ್ಲಿನ ಝೀರಾದ ಸಿಹಿನೀರು ಅವರ ಪಾದ ಸೋಕಿ ಚಿಮ್ಮಿದ್ದು ಎಂಬ ನಂಬಿಕೆ ಇದೆ. ಮುಂದೆ 1699ರಲ್ಲಿ ಗುರು ಗೋವಿಂದಸಿಂಗರ ಕರೆಗೆ ತಲೆಯೊಡ್ಡಿದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ನಿವೃತ್ತ ತೆಲುಗು ಮಾಸ್ಟರು ಇದ್ದಾರೆ. ಜ್ಯೋತಿಷ್ಯದಲ್ಲಿ ಒಳ್ಳೆಯ ಓದು. ಹೋದ ವರ್ಷದ ಹುಣ್ಣಿಮೆಗೆ ಕೆಳಗಿನ ಹಾಲಿನಲ್ಲಿ ನಾನಕರ ಜಾತಕದ ಮೇಲೆ ಮಾತಾಡಿದರು. ಮೇಷದಲ್ಲಿ ಪೂರ್ಣಚಂದ್ರ, ಎದುರಿಗೆ ತುಲೆಯಲ್ಲಿ ಸೂರ್ಯ. ತುಲೆ ಸೂರ್ಯನಿಗೆ ನೀಚಸ್ಥಾನ. ಆದ್ದರಿಂದಲೇ ಇವರಿಗೆ ಅಧಿಕಾರದ ಆಸೆ ಇರಲಿಲ್ಲ, ಆದರೆ ನೀಚಭಂಗವಾಗಿ ಲೋಕವೇ ತಲೆಬಾಗಿತು ಎಂದರು. ಆಮೇಲೆ ತಕ್ಕಡಿಯ ಮಾತು. ನಾನಕರು ಸುಲ್ತಾನಪುರದಲ್ಲಿ ದೌಲತ್ ಖಾನ್ ಲೋದಿಯ ಉಗ್ರಾಣದಲ್ಲಿ ಧಾನ್ಯ ಅಳೆದುಕೊಡುತ್ತಿದ್ದರು. ಹದಿಮೂರನೆಯ ಅಳತೆಗೆ ಬಂದಾಗ ಬಾಯಲ್ಲಿ 'ತೇರಾ' ಎಂದು ಬಂದು, ಅದಕ್ಕೆ 'ನಿನ್ನದು' ಎಂಬ ಅರ್ಥವೂ ಇರುವುದರಿಂದ, ಮುಂದೆ ಲೆಕ್ಕವೇ ಮರೆತುಹೋಯಿತು ಎಂಬುದು ಕಥೆ. ತುಲಾ ರಾಶಿಯ ಚಿಹ್ನೆಯೇ ತಕ್ಕಡಿಯಲ್ಲವೇ ಎಂದು ಮಾಸ್ಟರು ಕೇಳಿದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ನಮ್ಮ ತಂದೆ ಪಂಚಾಂಗ ನೋಡದೆ ಹೊಲಕ್ಕೂ ಹೋಗುತ್ತಿರಲಿಲ್ಲ. ಕುಂಡಲಿ ಹಾಕುವಷ್ಟು ವಿದ್ಯೆ ನನಗೂ ಅವರಿಂದ ಬಂದಿದೆ. ಹಾಗಾಗಿ ಮನೆಗೆ ಬಂದು ಲೆಕ್ಕ ಹಾಕಲು ಕುಳಿತೆ. ಮೊದಲ ಸಾಲಿಗೇ ತೊಡಕು. ಹುಟ್ಟಿದ ದಿನ ಯಾವುದು?

ನಾನಕರ ಜೀವನಕಥೆಗಳಿಗೆ ಜನಮ್‌ಸಾಖಿ ಎನ್ನುತ್ತಾರೆ. ಭಾಯಿ ಬಾಲಾ ಅವರ ಹೆಸರಿನಲ್ಲಿರುವ ಜನಮ್‌ಸಾಖಿ ಕಾರ್ತಿಕ ಹುಣ್ಣಿಮೆ ಎನ್ನುತ್ತದೆ. ಪುರಾತನ ಜನಮ್‌ಸಾಖಿ ಹೇಳುವುದು ವೈಶಾಖ ಶುದ್ಧ ತದಿಗೆ, ರಾತ್ರಿ ಇನ್ನೂ ಒಂದು ಜಾವ ಉಳಿದಿದ್ದಾಗ. ಎಂದರೆ 1469ರ ಏಪ್ರಿಲ್ 15. ಕರಮ್ ಸಿಂಗ್ ಎಂಬ ಇತಿಹಾಸಕಾರರು ಇದರ ಮೇಲೆ ಒಂದು ಪುಸ್ತಕವನ್ನೇ ಬರೆದು ವೈಶಾಖವೇ ಸರಿ ಎಂದು ವಾದಿಸಿದರು. ನಾನಕರು 70 ವರ್ಷ, 5 ತಿಂಗಳು, 7 ದಿನ ಬದುಕಿದ್ದರೆಂಬ ಹಳೆಯ ಲೆಕ್ಕವೊಂದಿದೆ. 1539ರ ಸೆಪ್ಟೆಂಬರ್ 22ರಿಂದ ಅಷ್ಟು ಹಿಂದಕ್ಕೆ ಹೋದರೆ ನೇರವಾಗಿ ಏಪ್ರಿಲ್ 15ಕ್ಕೇ ಬಂದು ನಿಲ್ಲುತ್ತೇವೆ. ಹೀಗಾಗಿ ವಿದ್ವಾಂಸರಲ್ಲಿ ಹೆಚ್ಚಿನವರು ವೈಶಾಖದ ಕಡೆ. ಹಬ್ಬ ಮಾತ್ರ ಕಾರ್ತಿಕದಲ್ಲೇ ಉಳಿದಿದೆ. 2003ರಲ್ಲಿ ನಾನಕ್‌ಶಾಹಿ ಕ್ಯಾಲೆಂಡರ್ ಜಾರಿಗೆ ತಂದಾಗಲೂ ಇದೊಂದನ್ನು ಹುಣ್ಣಿಮೆಗೇ ಬಿಟ್ಟರು.

ಈಗ ವೈಶಾಖದ ಕುಂಡಲಿ ನೋಡಿ. ವೈಶಾಖ ಶುದ್ಧ ತದಿಗೆ ಎಂದರೆ ನಮ್ಮ ಅಕ್ಷಯ ತೃತೀಯಾ. ಸೂರ್ಯ ಮೇಷದಲ್ಲಿ, ಚಂದ್ರ ವೃಷಭದಲ್ಲಿ, ಎರಡೂ ಉಚ್ಚ. ಕಾರ್ತಿಕದಲ್ಲಿ ನೀಚನಾಗಿದ್ದ ಅದೇ ಸೂರ್ಯ ಇಲ್ಲಿ ಉಚ್ಚ! ಕೊನೆಯ ಜಾವಕ್ಕೆ ನನ್ನ ಲೆಕ್ಕದಲ್ಲಿ ಕುಂಭಲಗ್ನ ಬರುತ್ತದೆ. ಮೂರನೆಯ ಮನೆಯಲ್ಲಿ ರವಿ ಇದ್ದರೆ ಧೈರ್ಯ, ಸಂಚಾರ, ಒಡಹುಟ್ಟಿದವರು. ನಾನಕರು ವರ್ಷಗಟ್ಟಲೆ ದೇಶ ಸುತ್ತಿದವರು. ಅವರನ್ನು ಮೊದಲು ಅರ್ಥಮಾಡಿಕೊಂಡವಳು ಅಕ್ಕ ನಾನಕಿ. (ಅಕ್ಕನಿಗೆ ಹನ್ನೊಂದನೆಯ ಮನೆ ನೋಡಬೇಕು ಎನ್ನುತ್ತಾರೆ, ಇರಲಿ.) ನಾಲ್ಕನೆಯ ಮನೆಯಲ್ಲಿ ಉಚ್ಚಚಂದ್ರ: ತಾಯಿ, ಮನೆ, ಭೂಮಿ. ಸನ್ಯಾಸಿಯಾಗದೆ, ಕೊನೆಗೆ ಕರ್ತಾರಪುರದಲ್ಲಿ ಸಂಸಾರದೊಂದಿಗೆ ಬೇಸಾಯ ಮಾಡಿಕೊಂಡು ಇದ್ದವರಿಗೆ ಇದಕ್ಕಿಂತ ಚೆನ್ನಾಗಿ ಯಾವುದು ಹೊಂದೀತು?

ಹೀಗೆ ಒಂದೇ ಬದುಕಿಗೆ ಎರಡು ಜಾತಕ, ಎರಡೂ ಸರಿಯಾಗಿ ಕೂತವು. ನನಗೆ ಕಸಿವಿಸಿಯಾದದ್ದು ಅಲ್ಲೇ. ಬದುಕು ಮೊದಲೇ ಗೊತ್ತಿತ್ತು, ಗ್ರಹಗಳನ್ನು ಆಮೇಲೆ ಅದರ ಪಕ್ಕಕ್ಕೆ ತಂದು ನಿಲ್ಲಿಸಿದೆವು. ಹೆಸರು ಮುಚ್ಚಿಟ್ಟು ಬರೀ ಕುಂಡಲಿ ಕೊಟ್ಟಿದ್ದರೆ ಮಾಸ್ಟರಾಗಲಿ ನಾನಾಗಲಿ 'ತೇರಾ' ಕಥೆಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಜನಮ್‌ಸಾಖಿಯಲ್ಲೂ ಒಬ್ಬ ಜೋಯಿಸರಿದ್ದಾರೆ. ಮನೆಯ ಪುರೋಹಿತ ಹರದಯಾಳ ಮಗುವಿನ ಜಾತಕ ಬರೆದು, ಇವನ ತಲೆಯ ಮೇಲೆ ಛತ್ರ ಇರುತ್ತದೆ, ಹಿಂದೂ ಮುಸಲ್ಮಾನರಿಬ್ಬರೂ ನಮಿಸುತ್ತಾರೆ ಎಂದನಂತೆ. ಆದರೆ ಈ ಕಥೆಗಳನ್ನು ಬರೆದಿಟ್ಟದ್ದು ನಾನಕರ ಕಾಲದ ನಂತರ. ಜೋಯಿಸರ ಬಾಯಲ್ಲಿ ಹೇಳಿಸಿದರೆ ಮಹಿಮೆಗೆ ಸಾಕ್ಷಿ ಸಿಕ್ಕಂತೆ. ಬುದ್ಧನ ಕಥೆಯಲ್ಲೂ ಅಸಿತ ಮುನಿ ಬರುವುದು ಹಾಗೆಯೇ.

ನಾನಕರು ಸ್ವತಃ ಇದಕ್ಕೆ ಏನೆಂದಾರು? ಜಪ್‌ಜಿಯಲ್ಲಿ ಅವರು, ಸೃಷ್ಟಿಯಾದದ್ದು ಯಾವ ಹೊತ್ತು, ಯಾವ ತಿಥಿ, ಯಾವ ವಾರ ಎಂದು ಕೇಳಿ, ಪಂಡಿತರಿಗೂ ಗೊತ್ತಿಲ್ಲ, ಖಾಜಿಗಳಿಗೂ ಗೊತ್ತಿಲ್ಲ ಎನ್ನುತ್ತಾರೆ. ದಿನ ಎಣಿಸಿ ಕುಂಡಲಿ ಬರೆಯುವ ಪಂಡಿತನನ್ನು ಇನ್ನೊಂದು ಪದದಲ್ಲಿ ನೇರವಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ಹನ್ನೆರಡು ಮಾಸಗಳ ಮೇಲೆ ಅವರು ಹಾಡಿದ ಬಾರಹ್ ಮಾಹದಲ್ಲಂತೂ ಎಲ್ಲ ತಿಂಗಳೂ, ಎಲ್ಲ ಗಳಿಗೆಯೂ ಒಳ್ಳೆಯದೇ. ನಮ್ಮ ಬಸವಣ್ಣನವರು ಲಗ್ನ ಕೇಳುವವರಿಗೆ ಕೊಟ್ಟ ಉತ್ತರ ಬಲ್ಲವರಿಗೆ ಇದು ಹೊಸದೆನಿಸದು.

ಎರಡು ಕುಂಡಲಿಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಮಾಸ್ಟರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಏಮಂಡಿ ರಾವ್‌ಗಾರು, ಎರಡೂ ಹೊಂದುತ್ತವೆ ಎಂದರೆ ಅದೇ ಮಹಾತ್ಮರ ಲಕ್ಷಣ ಅಲ್ಲವೇ?" ಎಂದರು. "ಹಾಗಾದರೆ ನನ್ನ ಜಾತಕಕ್ಕೂ ಎರಡು ತಾರೀಖು ಕೊಟ್ಟು ನೋಡೋಣ ಮಾಸ್ಟರ್‌ಗಾರು" ಎಂದೆ. ನಕ್ಕು ಕಾಫಿ ತರಿಸಿದರು. ಆಟೋನಗರದಲ್ಲಿ ಲಾರಿ ಬಿಡಿಭಾಗ ಮಾರುವ ಸರ್ದಾರ್ ಗೆಳೆಯರನ್ನೂ ಕೇಳಿದೆ. ಅವರಿಗೆ ಏಪ್ರಿಲ್ ವಿಷಯ ಗೊತ್ತಿತ್ತು. "ಹುಣ್ಣಿಮೆ ದಿನ ಅಂಗಡಿ ಮುಚ್ಚುವುದು ನಮ್ಮ ತಾತನ ಕಾಲದಿಂದಲೂ ಇದೆ, ಅಷ್ಟೇ" ಎಂದು ಗಿರಾಕಿಯ ಕಡೆ ತಿರುಗಿದರು.

ಇದೆಲ್ಲ ಯಾಕೆ ತಲೆಗೆ ಹತ್ತಿತು ಎಂದರೆ, ಆ ವಾರವೇ ಬಳ್ಳಾರಿಯಿಂದ ನನ್ನ ತಂಗಿಯ ಫೋನು ಬಂದಿತ್ತು. ಅವಳ ಮಗಳಿಗೆ ಒಂದು ಸಂಬಂಧ ಬಂದಿದೆ. ಆಸ್ಪತ್ರೆಯ ಚೀಟಿಯಲ್ಲಿ ಹುಟ್ಟಿದ ವೇಳೆ ಒಂದು, ಅಜ್ಜ ಡೈರಿಯಲ್ಲಿ ಬರೆದಿಟ್ಟದ್ದು ಇನ್ನೊಂದು, ನಡುವೆ ಇಪ್ಪತ್ತು ನಿಮಿಷ. ಒಂದು ವೇಳೆಗೆ ಸಂಬಂಧ ಕೂಡಿಬರುತ್ತದೆ, ಇನ್ನೊಂದಕ್ಕೆ ನಕ್ಷತ್ರದ ಪಾದವೇ ಬದಲಾಗಿ ದೋಷ ಕಾಣುತ್ತದೆ. "ಅಣ್ಣಾ, ಯಾವ ಟೈಮ್ ಕೊಡಲಿ?" ಎಂದು ಕೇಳಿದಳು. ಎರಡನ್ನೂ ಬರೆದು ಕೊಡು, ಅದಕ್ಕೆ ಮೊದಲು ಹುಡುಗ ಹುಡುಗಿ ಒಂದು ಸಲ ಕೂತು ಮಾತಾಡಲಿ ಎಂದೆ. ಮುಂದಿನ ಭಾನುವಾರ ಹುಡುಗನ ಕಡೆಯವರು ಮನೆಗೆ ಬರುವವರಿದ್ದರು.