ನಕ್ಷೆಗಾರನ ಎಡಗೈ

ಮನೆಯ ನಕ್ಷೆಯನ್ನು ಬರೆಯುವವನಿಗೆ ಹಿಂದೆ ಎರಡು ಕೈಗಳಿಗೂ ಕೆಲಸವಿದ್ದಿತು. ಬಲಗೈ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರೆ ಎಡಗೈ ಟೀ-ಸ್ಕ್ವೇರನ್ನೋ ಸೆಟ್‌ಸ್ಕ್ವೇರನ್ನೋ ಹಲಗೆಗೆ ಒತ್ತಿ ಹಿಡಿದಿರುತ್ತಿದ್ದಿತು. ಈಗ ನಕ್ಷೆಯ ಹಲಗೆ ಮೂಲೆ ಸೇರಿದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಏಳುವ ಹಳ್ಳಿಯ ಮನೆಗೂ ಗಣಕದ ಪರದೆಯ ಮೇಲೆಯೇ ನಕ್ಷೆ ಸಿದ್ಧವಾಗುತ್ತದೆ. ಬಲಗೈಗೆ ಪೆನ್ಸಿಲಿನ ಬದಲು ಮೌಸ್ ದೊರೆಯಿತು. ಎಡಗೈಗೆ ದೊರೆತುದೇನು? ಪ್ರಶ್ನೆ ಚಿಲ್ಲರೆಯದೆಂದು ವಾಚಕರಿಗೆ ತೋರಬಹುದು. ಆದರೆ ನಕ್ಷೆಯೊಂದಕ್ಕೆ ಇಷ್ಟೆಂದು ಹಣ ಪಡೆದು, ದಿನವೆಲ್ಲ ಪರದೆಯ ಮುಂದೆ ಕುಳಿತಿರುವವನಿಗೆ ಇದು ಸಂಪಾದನೆಯ ಪ್ರಶ್ನೆ. ಬಲ ಮಣಿಕಟ್ಟು ನೋಯತೊಡಗಿದ ಮೇಲಂತೂ ಆರೋಗ್ಯದ ಪ್ರಶ್ನೆಯೂ ಹೌದು.

ಯಂತ್ರದಲ್ಲಿ ಚಿತ್ರ ಬರೆಯುವ ವಿದ್ಯೆಯು ಹುಟ್ಟುವಾಗ ಎಡಗೈಯನ್ನು ಮರೆತಿರಲಿಲ್ಲ. ೧೯೬೩ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ಐವಾನ್ ಸದರ್ಲೆಂಡ್ ಎಂಬಾತನು ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿದನು. ಒಂದು ಕೈಯಲ್ಲಿ ಬೆಳಕಿನ ಲೇಖನಿಯನ್ನು ಹಿಡಿದು ಪರದೆಯ ಮೇಲೆ ಬಿಂದುವನ್ನು ತೋರಿಸುವುದು, ಇನ್ನೊಂದು ಕೈಯಿಂದ ಗುಂಡಿಗಳನ್ನು ಒತ್ತಿ ಅಲ್ಲಿ ಏನಾಗಬೇಕೆಂದು ತಿಳಿಸುವುದು ಅದರ ಕ್ರಮ. ‘ಎಲ್ಲಿ’ ಎಂಬುದು ಒಂದು ಕೈಯ ಕೆಲಸ, ‘ಏನು’ ಎಂಬುದು ಇನ್ನೊಂದರ ಕೆಲಸ. ಮೌಸಿನಿಂದಲೇ ಎಲ್ಲವನ್ನೂ ಮಾಡುವವನು ಈ ಎರಡು ಹೊರೆಗಳನ್ನೂ ಬಲಗೈಯೊಂದರ ಮೇಲೆಯೇ ಹೇರುತ್ತಾನೆ.

೧೯೮೨ರ ಡಿಸೆಂಬರಿನಲ್ಲಿ ಆಟೋಕ್ಯಾಡ್ ಎಂಬ ತಂತ್ರಾಂಶವು ಹೊರಬಂದು ನಕ್ಷೆಯ ಕೆಲಸವನ್ನು ಮೇಜಿನ ಮೇಲಿನ ಚಿಕ್ಕ ಗಣಕಕ್ಕೆ ಇಳಿಸಿತು. ಅದರ ಆಜ್ಞೆಗಳು ಇಂಗ್ಲಿಷ್ ಪದಗಳು: ಗೆರೆಗೆ ಲೈನ್, ವೃತ್ತಕ್ಕೆ ಸರ್ಕಲ್, ನಕಲಿಗೆ ಕಾಪಿ, ಸಮಾಂತರ ಗೆರೆಗೆ ಆಫ್‌ಸೆಟ್. ಇವುಗಳನ್ನು ಪೂರ್ತಿಯಾಗಿ ಬೆರಳಚ್ಚು ಮಾಡುವ ಬದಲು ಎಲ್, ಸಿ, ಸಿ-ಓ, ಓ ಎಂಬ ಕಿರಿಯ ರೂಪಗಳನ್ನು ಒತ್ತಿ ಅಂತರದ ಕೀಲಿಯನ್ನು ತಟ್ಟಿದರೆ ಸಾಕು. ಈ ಕಿರಿಯ ರೂಪಗಳ ಪಟ್ಟಿಯು ಅಕ್ಯಾಡ್.ಪಿಜಿಪಿ ಎಂಬ ಸಾಮಾನ್ಯ ಪಠ್ಯದ ಕಡತದಲ್ಲಿ ಇರುತ್ತದೆ. ಯಾರು ಬೇಕಾದರೂ ಅದನ್ನು ತೆರೆದು ತಮಗೆ ಒಪ್ಪುವಂತೆ ತಿದ್ದಬಹುದು. ಹೀಗೆ ತಿದ್ದುವುದರಿಂದ ಆಗುವ ಲಾಭವೆಷ್ಟು? ಭೌತಶಾಸ್ತ್ರದ ಮೇಷ್ಟರಿಗೆ ಕೈಗೆ ಗಡಿಯಾರ ಸಿಕ್ಕಿದರೆ ಸುಮ್ಮನಿರಲಾಗದು. ಲೆಕ್ಕ ಹಾಕಿಯೇ ನೋಡೋಣ.

ಗುರಿಯೊಂದನ್ನು ಮುಟ್ಟಲು ಕೈಗೆ ಬೇಕಾಗುವ ಕಾಲವನ್ನು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞನು ೧೯೫೪ರಲ್ಲಿ ಸೂತ್ರಕ್ಕೆ ಇಳಿಸಿದನು. ಗುರಿಯು ಎರಡರಷ್ಟು ದೂರವಾದರೂ, ಇದ್ದಲ್ಲಿಯೇ ಅರ್ಧದಷ್ಟು ಕಿರಿದಾದರೂ, ಕಾಲವು ಒಂದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಪರದೆಯ ಅಂಚಿನಲ್ಲಿ ಸಾಲಾಗಿ ನಿಂತ ಪುಟ್ಟ ಚಿತ್ರಗಳು ದೂರವೂ ಹೌದು, ಕಿರಿದೂ ಹೌದು. ೧೯೮೦ರಲ್ಲಿ ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು ವಿದ್ವಾಂಸರು ಗಣಕದ ಕೆಲಸವನ್ನೆಲ್ಲ ಬಿಡಿಬಿಡಿ ಚಲನೆಗಳಾಗಿ ಒಡೆದು ಸರಾಸರಿ ಕಾಲವನ್ನು ಕೊಟ್ಟರು. ನುರಿತವನು ಕೀಲಿಯೊಂದನ್ನು ಒತ್ತಲು ೦.೨ ಸೆಕೆಂಡು, ಮೌಸಿನಿಂದ ಗುರಿ ತೋರಿಸಲು ೧.೧ ಸೆಕೆಂಡು, ಕೈಯನ್ನು ಮೌಸಿನಿಂದ ಕೀಲಿಮಣೆಗೆ ಒಯ್ಯಲು ೦.೪ ಸೆಕೆಂಡು. ಇವೆಲ್ಲಕ್ಕಿಂತ ದೊಡ್ಡದಾದ ನಾಲ್ಕನೆಯ ಸಂಖ್ಯೆಯೊಂದುಂಟು: ಮುಂದೇನು ಮಾಡಬೇಕೆಂದು ಮನಸ್ಸು ಸಿದ್ಧವಾಗಲು ೧.೩೫ ಸೆಕೆಂಡು.

ಕಾಪಿ ಆಜ್ಞೆಯನ್ನು ಮೌಸಿನಿಂದ ಆರಿಸಲು ಹೋಗುವುದಕ್ಕೆ ೧.೧, ಒತ್ತುವುದಕ್ಕೆ ೦.೨, ನಕ್ಷೆಯ ಬಳಿಗೆ ಮರಳುವುದಕ್ಕೆ ೧.೧, ಒಟ್ಟು ೨.೪ ಸೆಕೆಂಡು ಬೇಕು. ಎಡಗೈ ಕೀಲಿಮಣೆಯ ಮೇಲೆಯೇ ಇದ್ದರೆ ಸಿ, ಓ, ಅಂತರ ಎಂಬ ಮೂರು ಒತ್ತುಗಳಿಗೆ ೦.೬ ಸೆಕೆಂಡು. ಉಳಿತಾಯ ೧.೮ ಸೆಕೆಂಡು. ದಿನಕ್ಕೆ ಸಾವಿರ ಆಜ್ಞೆಗಳೆಂದು ಹಿಡಿದರೆ ಅರ್ಧ ಗಂಟೆ ಮಿಗುತ್ತದೆ. ಸಿ-ಓ ಎಂಬುದನ್ನು ಸಿ ಎಂದಷ್ಟೇ ಇನ್ನೂ ಕಿರಿದು ಮಾಡಿದರೆ ಆಗುವ ಹೆಚ್ಚಿನ ಲಾಭ ಕೇವಲ ೦.೨ ಸೆಕೆಂಡು. ಆದರೆ ‘ಕಾಪಿಗೆ ಯಾವ ಕೀಲಿ ಇಟ್ಟಿದ್ದೆ?’ ಎಂದು ಒಂದು ಸಲ ತಡವರಿಸಿದರೆ ಅಂತಹ ಆರೇಳು ಉಳಿತಾಯಗಳು ಒಮ್ಮೆಗೇ ಕರಗಿಹೋಗುತ್ತವೆ. ಆದುದರಿಂದ ಕೀಲಿಯನ್ನು ಬದಲಿಸುವವನು ಮೊದಲು ನೋಡಬೇಕಾದುದು ಅಕ್ಷರಗಳ ಎಣಿಕೆಯನ್ನಲ್ಲ. ತಡವರಿಕೆಯಿಲ್ಲದೆ ನೆನಪಿಗೆ ಬರುವುದೇ ಎಂಬುದನ್ನು. ರೆವಿಟ್ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶದಲ್ಲಿ ಗೋಡೆಗೆ ಡಬ್ಲ್ಯು-ಎ, ಬಾಗಿಲಿಗೆ ಡಿ-ಆರ್, ಕಿಟಕಿಗೆ ಡಬ್ಲ್ಯು-ಎನ್ ಎಂದು ಎರಡೆರಡು ಅಕ್ಷರಗಳನ್ನು ಇಟ್ಟಿರುವುದು ಈ ದೃಷ್ಟಿಯಿಂದ ನಷ್ಟವೇನಲ್ಲ.

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬನು ಡಿಪ್ಲೊಮಾ ಮುಗಿಸಿ ಮನೆಗಳ ನಕ್ಷೆ ಬರೆದುಕೊಂಡಿದ್ದಾನೆ. ಅವನು ಕೆಲಸ ಮಾಡುವುದನ್ನು ಒಂದು ಮಧ್ಯಾಹ್ನ ಪಕ್ಕದಲ್ಲಿ ಕುಳಿತು ನೋಡಿದೆನು. ಎಡಗೈ ಮಗ್ಗದ ಲಾಳಿಯಂತೆ ಓಡುತ್ತಿದ್ದಿತು. ಈಗ ಒತ್ತಿದುದು ಯಾವ ಕೀಲಿ ಎಂದು ಕೇಳಿದರೆ ಅವನು ಉತ್ತರಿಸಲಾರದೆ, ಬೆರಳನ್ನು ಮತ್ತೊಮ್ಮೆ ಆಡಿಸಿ ನೋಡಿ, “ಕೈಗೆ ಗೊತ್ತು ಸಾರ್, ಬಾಯಿಗೆ ಗೊತ್ತಿಲ್ಲ” ಎಂದನು. ಅಭ್ಯಾಸವು ಈ ಹಂತಕ್ಕೆ ಬಂದಾಗ ೧.೩೫ ಸೆಕೆಂಡಿನ ತೆರಿಗೆ ಬಹುಮಟ್ಟಿಗೆ ರದ್ದಾಗುತ್ತದೆ.

ಅವನು ಬದಲಿಸಿಕೊಂಡಿದ್ದ ಕೀಲಿಗಳು ನಾಲ್ಕೇ. ಮೂಲ ಪಟ್ಟಿಯಲ್ಲಿ ಸಿ ಅಕ್ಷರವು ವೃತ್ತಕ್ಕೆ ಮೀಸಲು. ನಮ್ಮ ಮನೆಗಳಲ್ಲಿ ವೃತ್ತಗಳೆಷ್ಟಿವೆ? ಕಿಟಕಿ, ಬಾಗಿಲು, ಕಂಬಗಳ ನಕಲಾದರೋ ಹೆಜ್ಜೆಹೆಜ್ಜೆಗೂ ಬೇಕು. ಸಿ ಕೀಲಿಯನ್ನು ಅವನು ಕಾಪಿಗೆ ಕೊಟ್ಟು ವೃತ್ತವನ್ನು ಸಿ-ಐ ಎಂಬಲ್ಲಿಗೆ ಕಳುಹಿಸಿದ್ದನು. ಅನೇಕ ನಕ್ಷೆಗಾರರು ಮಾಡಿಕೊಳ್ಳುವ ಬದಲಾವಣೆಯಿದು. ಡಿ ಕೀಲಿಯು ಅಳತೆಯ ಶೈಲಿಯನ್ನು ತಿದ್ದುವ ಕಿಟಕಿಯನ್ನು ತೆರೆಯುತ್ತಿದ್ದಿತು. ಅದನ್ನು ಅಳತೆಯನ್ನೇ ಬರೆಯುವ ಆಜ್ಞೆಗೆ ತಿರುಗಿಸಿದ್ದನು. ನನಗೆ ಬಹಳ ಮೆಚ್ಚುಗೆಯಾದುದು ನಾಲ್ಕನೆಯದು. ಒಂಬತ್ತು ಅಂಗುಲದ ಗೋಡೆಯನ್ನು ತೋರಿಸಲು ಒಂದು ಗೆರೆ ಎಳೆದು ಆಫ್‌ಸೆಟ್ ಆಜ್ಞೆಯಿಂದ ಒಂಬತ್ತು ಅಂಗುಲದಾಚೆ ಇನ್ನೊಂದನ್ನು ಪಡೆಯಬೇಕು. ಆಫ್‌ಸೆಟ್ಟಿನ ಓ ಕೀಲಿಯಿರುವುದು ಬಲಗೈಯ ಕಡೆ. ಬಲಗೈಯೋ ಮೌಸಿನ ಮೇಲಿದೆ. ಅದಕ್ಕಾಗಿ ಎಡಗೈಯ ಕೆಳಗೇ ಇರುವ ಡಬ್ಲ್ಯುವನ್ನು ಅವನು ಆಫ್‌ಸೆಟ್ಟಿಗೆ ಕೊಟ್ಟಿದ್ದನು. ಡಬ್ಲ್ಯು ಎಂದರೆ ಅವನಿಗೆ ವಾಲ್, ಗೋಡೆ. ಕೈಗೂ ಹತ್ತಿರ, ನೆನಪಿಗೂ ಹತ್ತಿರ. ಎರಡೂ ಒಟ್ಟಿಗೆ ಸಿಕ್ಕುವುದು ಅಪರೂಪ. ಸಿಕ್ಕದಿದ್ದಾಗ, ದಿನಕ್ಕೆ ನೂರಾರು ಸಲ ಬೇಕಾಗುವ ಆಜ್ಞೆಗೆ ಸ್ಥಾನವನ್ನೂ, ಅಪರೂಪದ ಆಜ್ಞೆಗೆ ಧ್ವನಿಯನ್ನೂ ಗಣಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಧ್ವನಿಯ ಸಹಾಯದಿಂದ ಕೀಲಿಯನ್ನು ನೆನಪಿಗೆ ಒಗ್ಗಿಸುವುದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. ಕಿನ್ನಿಕಂಬಳದ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾವ್ ಅವರು, ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರಕಾರವು ಅಂಗೀಕರಿಸಿತು. ನುಡಿ ತಂತ್ರಾಂಶದಲ್ಲಿರುವುದು ಅದೇ. ಇಂಗ್ಲಿಷಿನ ಕೆ ಕೀಲಿಯಲ್ಲಿ ಕ, ಶಿಫ್ಟ್ ಸೇರಿಸಿದರೆ ಖ. ಟಿ ಮತ್ತು ಡಿ ಕೀಲಿಗಳು ತ, ದ ಅಕ್ಷರಗಳ ಪಾಲಾದುದರಿಂದ ಟ, ಡ ಅಕ್ಷರಗಳು ಕ್ಯೂ, ಡಬ್ಲ್ಯು ಕೀಲಿಗಳಿಗೆ ಸರಿಯಬೇಕಾಯಿತು. ವೃತ್ತಕ್ಕೆ ಸಿ ಹೋದುದರಿಂದ ನಕಲು ಸಿ-ಓ ಆದುದೂ ಇಂತಹ ಇಕ್ಕಟ್ಟಿನಿಂದಲೇ! ಕೇಂದ್ರ ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವಾದರೋ ಸ್ವರಗಳನ್ನು ಎಡಕ್ಕೂ ವ್ಯಂಜನಗಳನ್ನು ಬಲಕ್ಕೂ ಹಂಚಿ, ಭಾರತದ ಹಲವು ಲಿಪಿಗಳಿಗೆ ಒಂದೇ ಕ್ರಮವನ್ನು ಒದಗಿಸುತ್ತದೆ. ಇಂಗ್ಲಿಷ್ ಅಕ್ಷರದ ಧ್ವನಿಗೂ ಅದಕ್ಕೂ ಸಂಬಂಧವಿಲ್ಲ.

ಕನ್ನಡದ ನಕ್ಷೆಗಾರನಿಗೆ ವಿಶೇಷವಾದ ತೊಡಕೊಂದು ಇಲ್ಲಿಯೇ ಹುಟ್ಟುತ್ತದೆ. ಕೀಲಿಯನ್ನು ಒತ್ತಿದಾಗ ಗಣಕಕ್ಕೆ ಹೋಗುವುದು ಅಕ್ಷರವಲ್ಲ, ಒಂದು ಸಂಖ್ಯೆ ಮಾತ್ರ. ಎಲ್ ಎಂದು ಮುದ್ರಿಸಿದ ಕೀಲಿಯ ಸಂಖ್ಯೆ ಸಾಮಾನ್ಯ ಗಣಕಗಳಲ್ಲಿ ೩೮. ಆ ಸಂಖ್ಯೆಗೆ ಯಾವ ಅಕ್ಷರವೆಂಬುದನ್ನು ಆಗ ಚಾಲ್ತಿಯಲ್ಲಿರುವ ಭಾಷಾವಿನ್ಯಾಸವು ನಿರ್ಣಯಿಸುತ್ತದೆ. ಮನೆಯ ಯಜಮಾನನಿಗೆ ಓದಲು ಬರಲೆಂದು ನಕ್ಷೆಯಲ್ಲಿ ಪಡಸಾಲೆ, ಅಡುಗೆಮನೆ, ದೇವರಮನೆ ಎಂದು ಕನ್ನಡದಲ್ಲಿ ಬರೆದು, ಇಂಗ್ಲಿಷಿಗೆ ಹಿಂತಿರುಗಿಸಲು ಮರೆತು ಎಲ್ ಒತ್ತಿದರೆ, ರಾಯರ ವಿನ್ಯಾಸದಲ್ಲಿ ಲ ಎಂದೂ ಇನ್‌ಸ್ಕ್ರಿಪ್ಟಿನಲ್ಲಿ ತ ಎಂದೂ ಆಜ್ಞೆ ಹೋಗುತ್ತದೆ. ತನ್ನ ಪಟ್ಟಿಯಲ್ಲಿಲ್ಲದ ಆ ಅಕ್ಷರವನ್ನು ತಂತ್ರಾಂಶವು ತಿರಸ್ಕರಿಸುತ್ತದೆ. ಎಫ್-೩, ಎಫ್-೮ ಮೊದಲಾದ ಮೇಲಿನ ಸಾಲಿನ ಕೀಲಿಗಳು ಅಕ್ಷರಗಳಲ್ಲವಾದುದರಿಂದ ಅವುಗಳಿಗೆ ಈ ಬಾಧೆಯಿಲ್ಲ. ನಮ್ಮ ಹುಡುಗನ ಉಪಾಯ ಸರಳವಾದುದು: “ಗೋಡೆ ಎಲ್ಲಾ ಎಬ್ಬಿಸಿದ್ಮೇಲೇ ಸಾರ್ ಕನ್ನಡ ಕೂರ್ಸೋದು.” ಹೆಸರುಗಳನ್ನೆಲ್ಲ ಕೊನೆಯಲ್ಲಿ ಒಂದೇ ಸಲ ಬರೆದರೆ ಭಾಷೆಯನ್ನು ಬದಲಿಸುವುದೂ ಒಂದೇ ಸಲ.

ಹಾಗಾದರೆ ಇಡೀ ಪಟ್ಟಿಯನ್ನೇ ಏಕೆ ಬದಲಿಸಬಾರದು? ಬದಲಿಸಿದವನು ತನ್ನ ಗಣಕಕ್ಕೇ ಕಟ್ಟುಬೀಳುತ್ತಾನೆ. ದೇವಲಾಪುರದ ಕಡೆಯ ಹುಡುಗನಿಗೆ ನಾಳೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಕ್ಕಬಹುದು. ಅಲ್ಲಿಯ ಗಣಕದಲ್ಲಿ ಸಿ ಒತ್ತಿದರೆ ವೃತ್ತ ಬರುತ್ತದೆ. ಡಬ್ಲ್ಯು ಒತ್ತಿದರೆ ನಕ್ಷೆಯ ಭಾಗವನ್ನು ಬೇರೆ ಕಡತವಾಗಿ ಉಳಿಸುವ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಪರೀಕ್ಷೆಯ ದಿನ ಎದುರಿಗೆ ಕುಳಿತ ಮೇಲಧಿಕಾರಿಗೆ ಇವನು ಕೆಲಸ ಬಾರದವನೆಂದು ತೋರೀತು. ನಾಲ್ಕೈದು ಕೀಲಿಗಳ ವ್ಯತ್ಯಾಸವನ್ನಾದರೆ ಕೈ ಒಂದೆರಡು ದಿನಗಳಲ್ಲಿ ಸರಿತೂಗಿಸಿಕೊಂಡೀತು; ನಲವತ್ತಾದರೆ ಕಷ್ಟ.

ತಿದ್ದುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಆಟೋಕ್ಯಾಡಿನ ಕಡತದಲ್ಲಿ ಹಳೆಯ ಸಾಲುಗಳನ್ನು ಅಳಿಸಬೇಕಾಗಿಲ್ಲ. ಒಂದೇ ಕಿರಿಯ ರೂಪವು ಎರಡು ಕಡೆ ಬಂದರೆ ಕೊನೆಯದೇ ಊರ್ಜಿತವಾಗುವುದರಿಂದ, ಹೊಸ ಸಾಲುಗಳನ್ನು ಕಡತದ ತುದಿಯಲ್ಲಿ ಬರೆಯತಕ್ಕದ್ದು: ಮೊದಲು ಅಕ್ಷರ, ಅಲ್ಪವಿರಾಮ, ನಕ್ಷತ್ರದ ಗುರುತು, ಬಳಿಕ ಆಜ್ಞೆಯ ಪೂರ್ಣ ಹೆಸರು. ಕಡತವನ್ನು ಉಳಿಸಿ ತಂತ್ರಾಂಶವನ್ನು ಮುಚ್ಚಿ ತೆರೆದರೆ ಹೊಸ ಕೀಲಿಗಳು ಜಾರಿಗೆ ಬರುತ್ತವೆ. ಆ ಸಾಲುಗಳನ್ನು ತೆಗೆದರೆ ಹಳೆಯವು ಮರಳುತ್ತವೆ. ರೆವಿಟ್ಟಿನಲ್ಲಿ ಕೆ-ಎಸ್ ಎಂದು ಒತ್ತಿದರೆ ಪಟ್ಟಿಯೇ ತೆರೆದುಕೊಳ್ಳುತ್ತದೆ. ಅದನ್ನು ಕಡತವಾಗಿ ಹೊರತೆಗೆದು ಬೇರೆ ಗಣಕಕ್ಕೆ ಒಯ್ಯಬಹುದು. ಪೆನ್ ಡ್ರೈವನ್ನು ಒಳಗೆ ಬಿಡದ ಕಚೇರಿಗಳೂ ಉಂಟಷ್ಟೆ. ನಾಲ್ಕೇ ಸಾಲುಗಳಾದರೆ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋದರೂ, ಅನುಮತಿ ಸಿಕ್ಕಿದಾಗ ಎರಡು ನಿಮಿಷದಲ್ಲಿ ಬೆರಳಚ್ಚು ಮಾಡಿಕೊಳ್ಳಬಹುದು.