ಬಾಲ್ಕನಿಯ ಮೇಲಿನ ಹುಡುಗಿ

ವಯಸ್ಸು 16ರಿಂದ 19ರೊಳಗಿರಬೇಕು. ಎತ್ತರ ಕನಿಷ್ಠ 160 ಸೆಂಟಿಮೀಟರ್. ನ್ಯೂರೆಂಬರ್ಗ್‌ನಲ್ಲಿ ಹುಟ್ಟಿರಬೇಕು, ಇಲ್ಲವೇ ಬಹುಕಾಲದಿಂದ ಅಲ್ಲೇ ನೆಲೆಸಿರಬೇಕು. ಎತ್ತರದಲ್ಲಿ ನಿಂತರೆ ತಲೆ ಸುತ್ತಬಾರದು. ಗಾಳಿ, ಮಳೆ, ಹಿಮ ಯಾವುದಕ್ಕೂ ಜಗ್ಗಬಾರದು. ದಕ್ಷಿಣ ಜರ್ಮನಿಯ ಈ ಊರಿನ ಆಡಳಿತ ಎರಡು ವರ್ಷಕ್ಕೊಮ್ಮೆ ಇಂಥ ಷರತ್ತುಗಳನ್ನು ಮುಂದಿಟ್ಟು ಹುಡುಗಿಯರಿಂದ ಅರ್ಜಿ ಕರೆಯುತ್ತದೆ. ಮೊದಲು ಊರವರು ಆನ್‌ಲೈನ್‌ನಲ್ಲಿ ಮತ ಹಾಕುತ್ತಾರೆ, ಆಮೇಲೆ ತೀರ್ಪುಗಾರರು ಕುಳಿತು ಒಬ್ಬಳನ್ನು ಆರಿಸುತ್ತಾರೆ. ಆಯ್ಕೆಯಾದವಳು ಎರಡು ಚಳಿಗಾಲ ಆ ಊರಿನ 'ಕ್ರಿಸ್ಟ್‌ಕಿಂಡ್', ಅಂದರೆ ಮಕ್ಕಳಿಗೆ ಉಡುಗೊರೆ ತರುವ ಬಾಲ ಏಸು.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಅಲ್ಲಿ ಅಡ್ವೆಂಟ್ ಎಂದು ಎಣಿಸುತ್ತಾರೆ. ಮೊದಲ ಅಡ್ವೆಂಟಿನ ಹಿಂದಿನ ಶುಕ್ರವಾರ, ಸಂಜೆ ಐದೂವರೆಗೆ, ಊರಿನ ದೊಡ್ಡ ಚೌಕ ಹಾಪ್ಟ್‌ಮಾರ್ಕ್ಟ್‌ನ ದೀಪಗಳನ್ನು ಆರಿಸುತ್ತಾರೆ. ಚೌಕದ ಪೂರ್ವಕ್ಕಿರುವ ಫ್ರೌಯೆನ್‌ಕಿರ್ಷೆ ಚರ್ಚಿನ ಬಾಲ್ಕನಿಯ ಮೇಲೆ ಬೆಳಕು ಬೀಳುತ್ತದೆ. ಗುಂಗುರು ಹೊಂಬಣ್ಣದ ವಿಗ್, ಎತ್ತರದ ಕಿರೀಟ, ಕೈ ಚಾಚಿದರೆ ರೆಕ್ಕೆಯಂತೆ ಬಿಚ್ಚಿಕೊಳ್ಳುವ ನೆರಿಗೆಯ ತೋಳು. ಹೀಗೆ ಸಜ್ಜಾದ ಹುಡುಗಿ ಸಾವಿರಾರು ಜನರ ಮುಂದೆ ಪದ್ಯರೂಪದ ಆಹ್ವಾನವನ್ನು ಬಾಯಿಪಾಠ ಒಪ್ಪಿಸುತ್ತಾಳೆ. ಅಲ್ಲಿಗೆ ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್ ಶುರು. ಡಿಸೆಂಬರ್ 24ರ ಮಧ್ಯಾಹ್ನ ಎರಡು ಗಂಟೆಯವರೆಗೂ ನಡೆಯುವ ಈ ಸಂತೆಗೆ ಹೆಚ್ಚುಕಡಿಮೆ 20 ಲಕ್ಷ ಜನ ಬಂದುಹೋಗುತ್ತಾರೆ.

ಯುರೋಪಿನಲ್ಲಿ ಈಗ ಕ್ರಿಸ್ಮಸ್ ಸಂತೆಯಿಲ್ಲದ ಊರೇ ಅಪರೂಪ. ಬಹುಪಾಲು ಕಡೆ ಅದೇ ಬಿಸಿ ವೈನ್, ಅದೇ ಮಿನುಗು ದೀಪ, ಎಲ್ಲೋ ತಯಾರಾಗಿ ಕಂಟೇನರಿನಲ್ಲಿ ಬಂದ ಅದೇ ಆಟಿಕೆ. ಮಕ್ಕಳನ್ನು ಕಟ್ಟಿಕೊಂಡು ಒಂದೇ ಒಂದು ಸಂತೆ ನೋಡಬೇಕೆಂದರೆ ನ್ಯೂರೆಂಬರ್ಗ್‌ಗೇ ಹೋಗಿ ಎನ್ನಲು ನನಗಿರುವ ಕಾರಣ ಆ ಊರಿನವರ ಹಟಮಾರಿತನ. ಹಳೆಯ ಕಾಲದಿಂದ ಹೀಗೇ ನಡೆದುಬಂದಿದೆ ಎಂದು ಕಾಣುವ ಇದರಲ್ಲಿ ಬಹಳಷ್ಟು ಕಳೆದ ನೂರು ವರ್ಷಗಳಲ್ಲಿ ಯಾರೋ ಕುಳಿತು ಯೋಚಿಸಿ ಮಾಡಿದ್ದು. ಅದನ್ನು ಈಗಲೂ ಕುಳಿತು ಯೋಚಿಸಿಯೇ ಕಾಪಾಡುತ್ತಿದ್ದಾರೆ.

ನಿಯಮಗಳನ್ನೇ ನೋಡಿ. ಸುಮಾರು 180 ಮಳಿಗೆಗಳು, ಎಲ್ಲವೂ ಮರದವು, ಎಲ್ಲದರ ಮೇಲೂ ಕೆಂಪು-ಬಿಳಿ ಪಟ್ಟೆಯ ಬಟ್ಟೆಯ ಚಾವಣಿ. ಪ್ಲಾಸ್ಟಿಕ್ ತೋರಣ ಕಟ್ಟುವಂತಿಲ್ಲ. ಧ್ವನಿಮುದ್ರಿತ ಕ್ರಿಸ್ಮಸ್ ಹಾಡುಗಳನ್ನು ಮಳಿಗೆಗಳಲ್ಲಿ ದಿನವಿಡೀ ಹಾಕುವಂತಿಲ್ಲ. ತಿರುಗುವ ಕುದುರೆಗಳಿಗೂ ಮುಖ್ಯ ಸಂತೆಯಲ್ಲಿ ಜಾಗವಿಲ್ಲ, ಮಕ್ಕಳಿಗೆಂದೇ ಪಕ್ಕದಲ್ಲಿ ಬೇರೆ ಸಂತೆಯಿದೆ. ಚೆನ್ನಾಗಿ ಸಿಂಗರಿಸಿದ ಮಳಿಗೆಗಳಿಗೆ ನಗರಸಭೆ ಚಿನ್ನ, ಬೆಳ್ಳಿ, ಕಂಚಿನ ಬಹುಮಾನ ಕೊಡುತ್ತದೆ. ಬಹುಮಾನಕ್ಕೆ ಇಟ್ಟಿರುವ ಹೆಸರು ಒಣ ಪ್ಲಮ್ ಹಣ್ಣಿನ ಬೊಂಬೆಯದು. ಆ ಬೊಂಬೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂತೆ ಎಂದು ಆರಂಭವಾಯಿತು ಎನ್ನುವುದಕ್ಕೆ ಶಾಸನವೇನೂ ಇಲ್ಲ. ಇರುವ ಅತಿ ಹಳೆಯ ಸಾಕ್ಷಿ ಒಂದು ಪೆಟ್ಟಿಗೆ. ತೆಳು ಮರದ ಹಾಳೆಯನ್ನು ಬಾಗಿಸಿ ಮಾಡಿದ, ಹೂವಿನ ಚಿತ್ತಾರದ ಪುಟ್ಟ ಅಂಡಾಕಾರದ ಪೆಟ್ಟಿಗೆ. ಒಬ್ಬ ತರುಣಿ ಇನ್ನೊಬ್ಬಳಿಗೆ ಈ ಸಂತೆಯ ಉಡುಗೊರೆಯಾಗಿ ಕಳಿಸಿದ್ದು ಎಂದು ಅದರ ತಳದಲ್ಲಿ ಬರೆದಿದೆ, 1628 ಎಂಬ ಇಸವಿಯೂ ಇದೆ. ಊರಿನ ಜರ್ಮಾನಿಷೆಸ್ ನ್ಯಾಷನಲ್ ಮ್ಯೂಸಿಯಂನಲ್ಲಿ ಅದನ್ನು ಇಟ್ಟಿದ್ದಾರೆ. ರಾಜರ ದಾನಪತ್ರವಲ್ಲ, ಇಬ್ಬರು ಹೆಣ್ಣುಮಕ್ಕಳ ನಡುವಿನ ಉಡುಗೊರೆಯೇ ಈ ಸಂತೆಯ ಮೊದಲ ದಾಖಲೆ ಎಂಬುದು ನನಗೆ ಇಷ್ಟ. 1737ರ ಹೊತ್ತಿಗೆ ಊರಿನ ಬಹುತೇಕ ಎಲ್ಲ ಕಸುಬಿನವರೂ ಇಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದರು.

ಉಡುಗೊರೆ ತರುವುದು ಬಾಲ ಏಸುವಿನ ಕೆಲಸವಾದದ್ದು ಮಾರ್ಟಿನ್ ಲೂಥರ್ ಕಾಲದಲ್ಲಿ. ಅದಕ್ಕೂ ಮೊದಲು ಡಿಸೆಂಬರ್ 6ರ ಸಂತ ನಿಕೊಲಾಸನ ದಿನ ಮಕ್ಕಳಿಗೆ ಉಡುಗೊರೆ ಸಿಗುತ್ತಿತ್ತು. ಸಂತರ ಆರಾಧನೆಯನ್ನು ಒಪ್ಪದ ಪ್ರಾಟೆಸ್ಟೆಂಟರು ಅದನ್ನು ಕ್ರಿಸ್ಮಸ್‌ಗೆ ಸರಿಸಿದರು, ತರುವವನನ್ನೂ ಬದಲಿಸಿದರು. ಬರುಬರುತ್ತಾ ಜನರ ಕಲ್ಪನೆಯಲ್ಲಿ ಆ ಶಿಶು ಬಂಗಾರದ ಕೂದಲಿನ ದೇವದೂತೆಯಂಥ ಹುಡುಗಿಯಾಯಿತು.

ಇನ್ನು ಬಾಲ್ಕನಿಯ ದೃಶ್ಯ. ಇದರ ಮೂಲ ಅಷ್ಟು ಸಿಹಿಯಾಗಿಲ್ಲ. 19ನೆಯ ಶತಮಾನದ ಕೊನೆಗೆ ಸಂತೆ ಸೊರಗಿತ್ತು, ಮುಖ್ಯ ಚೌಕದಿಂದ ಎತ್ತಂಗಡಿಯಾಗಿತ್ತು. ಅದನ್ನು ವಾಪಸು ಚೌಕಕ್ಕೆ ತಂದವರು 1933ರಲ್ಲಿ ಅಧಿಕಾರ ಹಿಡಿದ ನಾಜಿಗಳು. ಚೌಕಕ್ಕೆ ಆಗ ಹಿಟ್ಲರನ ಹೆಸರಿತ್ತು. ಪಕ್ಷದ ಮಹಾ ಸಮಾವೇಶಗಳ ಊರಿಗೆ 'ಹಳೆಯ ಜರ್ಮನ್' ಸೊಗಸು ಬೇಕಾಗಿತ್ತು. ನಟಿಯೊಬ್ಬಳಿಗೆ ವೇಷ ತೊಡಿಸಿ, ಆಹ್ವಾನ ಓದಿಸಿ, ಉದ್ಘಾಟನೆಯನ್ನು ನಾಟಕವಾಗಿಸಿದವರು ಅವರೇ. ಯುದ್ಧ ಬಂದು ಸಂತೆ ನಿಂತಿತು. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಳೆಯ ಊರೇ ನೆಲಸಮವಾಯಿತು.

ಚೌಕದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅದು ಮೂಲತಃ ಯಹೂದಿಗಳ ಕೇರಿ. 1349ರ ಡಿಸೆಂಬರ್ 5ರಂದು ಅಲ್ಲಿಯ ಐನೂರಕ್ಕೂ ಹೆಚ್ಚು ಯಹೂದಿಗಳನ್ನು ಕೊಂದು, ಮನೆಗಳನ್ನು ಕೆಡವಿ ಮಾರುಕಟ್ಟೆಗೆ ಜಾಗ ಮಾಡಿದರು. ಬಾಲ್ಕನಿಯ ಆ ಚರ್ಚು ಎದ್ದದ್ದು ಸಿನಗಾಗ್ ಇದ್ದ ಸ್ಥಳದಲ್ಲಿ. ಪ್ರವಾಸದ ಬರಹದಲ್ಲಿ ಇದೇಕೆ ಎಂದು ಕೇಳಬಹುದು. ಚೌಕದಲ್ಲಿ ನಿಂತು ಬಿಸಿ ಪಾನಕ ಕುಡಿಯುವಾಗ ದೊಡ್ಡ ಮಕ್ಕಳಿಗಾದರೂ ಇದನ್ನು ಹೇಳಬೇಕೆಂದು ನನಗನಿಸುತ್ತದೆ. ಆ ಊರಿನವರೂ ಇದನ್ನು ಮುಚ್ಚಿಡುವುದಿಲ್ಲ.

1948ರಲ್ಲಿ, ಇನ್ನೂ ಅವಶೇಷಗಳ ನಡುವೆಯೇ, ಸಂತೆ ಮತ್ತೆ ಆರಂಭವಾಯಿತು. ರಂಗಭೂಮಿಯ ಫ್ರೀಡ್ರಿಷ್ ಬ್ರೋಗರ್ ಹೊಸ ಆಹ್ವಾನ ಬರೆದುಕೊಟ್ಟರು. ನಟಿ ಸೋಫಿ ಕೇಸರ್ ಹಲವು ವರ್ಷ ಕ್ರಿಸ್ಟ್‌ಕಿಂಡ್ ಆದರು. ಊರಿನ ಸಾಮಾನ್ಯ ಹುಡುಗಿಯರನ್ನು ಚುನಾಯಿಸುವ ಪದ್ಧತಿ ಬಂದದ್ದು 1969ರಲ್ಲಿ. ಆಯ್ಕೆಯಾದವಳಿಗೆ ಬಾಲ್ಕನಿಯದು ಒಂದು ಸಂಜೆಯ ಕೆಲಸ ಮಾತ್ರ. ಮಿಕ್ಕ ದಿನಗಳಲ್ಲಿ ಆಸ್ಪತ್ರೆ, ವೃದ್ಧಾಶ್ರಮ, ಶಿಶುವಿಹಾರಗಳಿಗೆ ಓಡಾಟ. ಒಂದು ಋತುವಿನಲ್ಲಿ ನೂರಕ್ಕೂ ಮೀರಿ ಭೇಟಿಗಳು.

2019ರಲ್ಲಿ ಆಯ್ಕೆಯಾದವಳು ಬೆನಿಗ್ನಾ ಮುನ್ಶಿ. ತಂದೆ ಭಾರತೀಯ ಮೂಲದವರು, ತಾಯಿ ಜರ್ಮನ್, ಹುಡುಗಿ ನ್ಯೂರೆಂಬರ್ಗಿನವಳು. ಬಲಪಂಥೀಯ ಪಕ್ಷವೊಂದರ ಸ್ಥಳೀಯ ಘಟಕ ಅವಳ ಮೈಬಣ್ಣವನ್ನು ಗುರಿಯಾಗಿಸಿ ಫೇಸ್‌ಬುಕ್ಕಿನಲ್ಲಿ ಕುಹಕವಾಡಿತು. ಜರ್ಮನಿಯ ಎಲ್ಲೆಡೆಯಿಂದ ಹುಡುಗಿಯ ಪರವಾಗಿ ಎಷ್ಟು ದನಿಗಳು ಎದ್ದವೆಂದರೆ ಪೋಸ್ಟನ್ನು ಅಳಿಸಿ ಕ್ಷಮೆ ಕೇಳಬೇಕಾಯಿತು. ಅವಳು ಅದೇ ಹೊಂಬಣ್ಣದ ವಿಗ್ ತೊಟ್ಟು ಅದೇ ಬಾಲ್ಕನಿಯಲ್ಲಿ ನಿಂತಳು. ನಾಜಿಗಳು ಶುರುಮಾಡಿದ ನಾಟಕದ ಮುಖ್ಯ ಪಾತ್ರ ಅದು ಎಂಬುದನ್ನು ನೆನೆದರೆ ನಗು ಬರುತ್ತದೆ.

ಇನ್ನು ತಿನಿಸಿನ ಮಾತು. ಸಾಸೇಜಿಗೆ ಇಲ್ಲಿ ಭಾರಿ ಹೆಸರು. ಬೆರಳುದ್ದದ, ಹಂದಿಮಾಂಸದ ಸಾಸೇಜ್ ಮೂರನ್ನು ಒಂದು ಬನ್ನಿನೊಳಗಿಟ್ಟು ಕೊಡುತ್ತಾರೆ. ಅದನ್ನು ತಿನ್ನುವವರಿಗೆ ಬಿಟ್ಟು ನಾನು ಲೇಬ್‌ಕುಖೆನ್‌ಗೆ ಬರುತ್ತೇನೆ. ಜೇನು, ಬಾದಾಮಿ, ಹೇಜಲ್‌ನಟ್, ಲವಂಗ, ಚಕ್ಕೆ, ಏಲಕ್ಕಿ, ಜಾಯಿಕಾಯಿ ಹಾಕಿ ತೆಳ್ಳಗಿನ ಬಿಳಿ ವೇಫರಿನ ಮೇಲೆ ಬೇಯಿಸುವ ದುಂಡನೆಯ ಮಸಾಲೆ ಕೇಕು. ಎಲಿಸೆನ್ ಎಂಬ ಮೇಲ್ದರ್ಜೆಯದರಲ್ಲಿ ಕಾಲುಭಾಗಕ್ಕೆ ಕಡಿಮೆಯಿಲ್ಲದಂತೆ ಬೀಜಗಳಿರಬೇಕು, ಹಿಟ್ಟು ನೂರಕ್ಕೆ ಹತ್ತನ್ನು ಮೀರಬಾರದು. 1643ರಿಂದ ಇದನ್ನು ಮಾಡುವವರದೇ ಕಸುಬುದಾರರ ಸಂಘವಿತ್ತು. ಊರಿನ ಸುತ್ತಲ ಕಾಡಿನಿಂದ ಜೇನು ಸಿಗುತ್ತಿತ್ತು. 1487ರಲ್ಲಿ ಚಕ್ರವರ್ತಿ ಮೂರನೆಯ ಫ್ರೀಡ್ರಿಷ್ ಊರಿನ ಮಕ್ಕಳನ್ನೆಲ್ಲ ಕರೆಸಿ, ತನ್ನ ಚಿತ್ರವಿದ್ದ ಇಂಥ ಕೇಕು ಹಂಚಿದನಂತೆ. ಚುನಾವಣೆಯೇ ಇಲ್ಲದ ಕಾಲದಲ್ಲೂ ಪ್ರಚಾರದ ಬಯಕೆ ಇದ್ದೇ ಇತ್ತು!

ಜೇನು ಕಾಡಿನದು ಸರಿ, ಮಸಾಲೆ? ಅಲ್ಲಿ ನಮ್ಮ ಕರಾವಳಿಯೂ ಕಥೆಯೊಳಕ್ಕೆ ಬರುತ್ತದೆ. ನ್ಯೂರೆಂಬರ್ಗ್ ವರ್ತಕರು ಮೊದಲು ವೆನಿಸ್‌ನಿಂದ ಮಸಾಲೆ ತರಿಸುತ್ತಿದ್ದರು. 'ಮೆಣಸಿನ ಮೂಟೆ'ಗಳೆಂದೇ ಅವರಿಗೆ ಅಡ್ಡಹೆಸರು. ಪೋರ್ಚುಗೀಸರು ಸಮುದ್ರದ ದಾರಿ ಕಂಡುಕೊಂಡ ಮೇಲೆ 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡನ ದಂಡು ಲಿಸ್ಬನ್ನಿನಿಂದ ಹೊರಟಿತು. ಅದರ ಮೂರು ಹಡಗುಗಳಿಗೆ ಹಣ ಹಾಕಿದವರಲ್ಲಿ ಇಮ್‌ಹಾಫ್ ಮತ್ತು ಹಿರ್ಷ್‌ಫೋಗಲ್ ಎಂಬ ಈ ಊರಿನ ಎರಡು ಮನೆತನಗಳಿದ್ದವು. ಆ ದಂಡು ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗಿತು, ಹೊನ್ನಾವರಕ್ಕೆ ಬಂದು ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟಿತು, ಆಮೇಲೆ ಕಣ್ಣೂರು, ಕೊಚ್ಚಿಗಳತ್ತ ಸಾಗಿ ಮೆಣಸು ತುಂಬಿಕೊಂಡಿತು. ಕೇಕಿನ ಡಬ್ಬಿಯ ಮೇಲೆ ಇದನ್ನೆಲ್ಲ ಯಾರೂ ಅಚ್ಚು ಹಾಕಿಸುವುದಿಲ್ಲ, ಬಿಡಿ.

ಸಸ್ಯಾಹಾರಿಗಳಿಗೊಂದು ಸೂಚನೆ: ಲೇಬ್‌ಕುಖೆನ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ, ಸುಟ್ಟ ಚೆಸ್ಟ್‌ನಟ್ ಎಲ್ಲರೂ ತಿನ್ನಬಹುದು. ದೊಡ್ಡವರಿಗೆ ಬಿಸಿ ವೈನ್ ಇದ್ದರೆ ಚಿಕ್ಕವರಿಗೆ ಹಣ್ಣಿನ ರಸಕ್ಕೆ ಮಸಾಲೆ ಹಾಕಿ ಕಾಯಿಸಿದ ಕಿಂಡರ್‌ಪುನ್ಷ್ ಇದೆ.

ಈಗ ಪ್ಲಮ್ ಬೊಂಬೆ. ತಂತಿಗೆ ಒಣ ಪ್ಲಮ್ ಹಣ್ಣುಗಳನ್ನು ಪೋಣಿಸಿ ಕೈಕಾಲು, ಮೈ ಮಾಡುತ್ತಾರೆ. ತಲೆಗೆ ಒಂದು ಅಕ್ರೋಟು, ಅದರ ಮೇಲೆ ಕಣ್ಣು, ಮೂಗು, ಬಾಯಿ. ಆಮೇಲೆ ಬಟ್ಟೆ ತೊಡಿಸಿದರೆ ಪೊರಕೆ ಹಿಡಿದ ಚಿಮಣಿಯವನು, ಕನ್ನಡಕದ ಮೇಷ್ಟ್ರು, ಜಗಳಗಂಟ ಗಂಡಹೆಂಡತಿ, ಯಾರು ಬೇಕೋ ಅವರು. ಅಕ್ರೋಟಿನ ಸುಕ್ಕು ಒಂದರಂತೆ ಒಂದಿಲ್ಲವಾದ್ದರಿಂದ ಎರಡು ಬೊಂಬೆಗೆ ಒಂದೇ ಮುಖ ಇರುವುದೂ ಇಲ್ಲ. ತಂತಿ ಎಳೆಯುವುದು ಈ ಊರಿನ ಹಳೆಯ ಕಸುಬು. ಅಂಥ ಕಸುಬಿನವನೊಬ್ಬ ಮಕ್ಕಳ ಆಟಕ್ಕೆಂದು ಮೊದಲ ಬೊಂಬೆ ಮಾಡಿದ ಎಂಬ ಕಥೆಯಿದೆ. ಇದು ಮನೆಯಲ್ಲಿದ್ದರೆ ದುಡ್ಡಿಗೂ ಅದೃಷ್ಟಕ್ಕೂ ಕೊರತೆಯಿಲ್ಲ ಎಂಬ ನಂಬಿಕೆಯೂ ಇದೆ. ಹಿತ್ತಾಳೆಯ ತೆಳು ತಗಡಿನ ನೆರಿಗೆ ಲಂಗದ ದೇವದೂತೆಯ ಬೊಂಬೆಯೂ ಇಲ್ಲಿಯದೇ, ಆದರೆ ಚೆಲುವಿನಲ್ಲಿ ಅದು ಗೆದ್ದರೂ ತಮಾಷೆಯಲ್ಲಿ ಪ್ಲಮ್ಮಿನವನೇ ಮೇಲು.

ಮಕ್ಕಳ ಸಂತೆ ಇರುವುದು ಮುಖ್ಯ ಚೌಕದಿಂದ ಕೆಲವೇ ಹೆಜ್ಜೆ ದೂರದ ಹಾನ್ಸ್-ಝಾಕ್ಸ್ ಚೌಕದಲ್ಲಿ. ತಿರುಗುವ ಕುದುರೆ, ಪುಟ್ಟ ಜಯಂಟ್ ವ್ಹೀಲ್, ಆವಿ ರೈಲು, ಕೈಯಾರೆ ಬಿಸ್ಕತ್ತು ಬೇಯಿಸುವ, ಮೇಣದ ಬತ್ತಿ ಮಾಡುವ ಮಳಿಗೆ. ಹಳದಿ ಅಂಚೆ ಕುದುರೆಗಾಡಿಯಲ್ಲಿ ಕೂತು ಹಳೆಯ ಊರಿನಲ್ಲಿ ಒಂದು ಸುತ್ತು ಬರಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಚರ್ಚಿನ ಮುಂದೆ ನಿಲ್ಲಿ: 1509ರ ಗಡಿಯಾರದಿಂದ ಏಳು ರಾಜಪ್ರಮುಖರ ಗೊಂಬೆಗಳು ಹೊರಬಂದು ಚಕ್ರವರ್ತಿಗೆ ಪ್ರದಕ್ಷಿಣೆ ಹಾಕುತ್ತವೆ. ಕಾಲು ಹೆಪ್ಪುಗಟ್ಟಿದರೆ ಆಟಿಕೆಗಳ ಮ್ಯೂಸಿಯಂ ಇದೆ, ರೈಲ್ವೆ ಮ್ಯೂಸಿಯಂ ಇದೆ. ಜರ್ಮನಿಯ ಮೊದಲ ಉಗಿ ರೈಲು 1835ರಲ್ಲಿ ಓಡಿದ್ದು ಇಲ್ಲಿಂದ ಪಕ್ಕದ ಫ್ಯೂರ್ತ್‌ಗೆ. ಮೆಟ್ರೊದ ಎರಡು ಮಾರ್ಗಗಳಲ್ಲಿ ಚಾಲಕನೇ ಇಲ್ಲ, ಮುಂದಿನ ಗಾಜಿಗೆ ಮೂಗು ಒತ್ತಿ ಕೂರಲು ಮಕ್ಕಳಿಗೆ ಅಡ್ಡಿಯಿಲ್ಲ. ಒಂದೇ ಸಂಜೆ ಸಿಗುವುದಾದರೆ ಮಾತ್ರ ಡಿಸೆಂಬರ್ ಎರಡನೆಯ ವಾರದ ಲಾಂದ್ರದ ಮೆರವಣಿಗೆಯನ್ನು ಆರಿಸಿಕೊಳ್ಳಿ. ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರ ಹಿಡಿದು ಕೋಟೆಯ ಗುಡ್ಡ ಹತ್ತುತ್ತಾರೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ವೇಗದ ರೈಲು ಹಿಡಿಯುವುದು ಸಲೀಸು. ಮ್ಯೂನಿಕ್ ನಿಲ್ದಾಣದಿಂದ ಒಂದು ಗಂಟೆ ಚಿಲ್ಲರೆ, ಫ್ರಾಂಕ್‌ಫರ್ಟಿನಿಂದ ಎರಡು ಗಂಟೆಗೂ ಮೇಲೆ. ಷೆಂಗೆನ್ ವೀಸಾ ಬೇಕು. ಪಕ್ಕದ ಎರ್ಲಾಂಗನ್‌ನ ಸೀಮೆನ್ಸ್ ಕಚೇರಿಗಳಲ್ಲಿ ನಿಮ್ಮ ನೆಂಟರ ಮಗನೋ ಮಗಳೋ ಇದ್ದರೆ ಉಳಿಯುವ ಚಿಂತೆ ಅರ್ಧ ಕಡಿಮೆ, ಏಕೆಂದರೆ ಸಂತೆಯ ದಿನಗಳಲ್ಲಿ ಹೋಟೆಲು ದುಬಾರಿ. ಶನಿವಾರದ ಸಂಜೆ ಖಂಡಿತ ಬೇಡ, ಆ ನೂಕುನುಗ್ಗಲಿನಲ್ಲಿ ಮಕ್ಕಳಿಗೆ ಕಾಣುವುದು ದೊಡ್ಡವರ ಕೋಟುಗಳಷ್ಟೇ. ಸೋಮವಾರದಿಂದ ಗುರುವಾರದೊಳಗೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಬೆಳಕಿನಲ್ಲಿ ಬೊಂಬೆ ನೋಡಿ, ನಾಲ್ಕೂಕಾಲಿಗೆ ಕತ್ತಲಾಗುತ್ತಲೇ ದೀಪಗಳನ್ನೂ ನೋಡಬಹುದು. ಹಿಮ ಬಿದ್ದೇ ಬೀಳುತ್ತದೆಂದು ಮಕ್ಕಳಿಗೆ ಮಾತು ಕೊಡಬೇಡಿ, ಮಳೆಯೂ ಬರಬಹುದು.

ಪಾನಕವನ್ನು ಚಿತ್ರವಿರುವ ಪಿಂಗಾಣಿ ಮಗ್ಗಿನಲ್ಲಿ ಕೊಡುತ್ತಾರೆ, ಮಗ್ಗಿಗೆ ಬೇರೆ ಠೇವಣಿ ತೆಗೆದುಕೊಳ್ಳುತ್ತಾರೆ. ಹಿಂದಿರುಗಿಸಿದರೆ ದುಡ್ಡು ವಾಪಸು. ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ಮಗ್ಗಿನ ದುಡ್ಡು ಹೋಯಿತೆಂದೇ ಲೆಕ್ಕ ಹಾಕಿಕೊಳ್ಳಿ.